ಮಾರಿ, ಮದ್ದು, ಗಡಿ

ಮಾರಿಯನ್ನು ಗಡಿ ದಾಟಿಸುವ ಪದ್ಧತಿ ನಮ್ಮ ಕಡೆಯವರಿಗೆ ಹೊಸದಲ್ಲ. ಹಳೆ ಮೈಸೂರಿನ ಹಳ್ಳಿಗಳಲ್ಲಿ ಬೇನೆ ಬಂದಾಗ ಮಾರಿಯ ಮರದ ಬೊಂಬೆಯನ್ನೋ ಪುಟ್ಟ ಗಾಡಿಯನ್ನೋ ತಮಟೆ ಬಾರಿಸುತ್ತ ಒಯ್ದು ಪಕ್ಕದ ಊರಿನ ಎಲ್ಲೆಯಲ್ಲಿ ಬಿಟ್ಟು ಬರುತ್ತಿದ್ದರು. ಆ ಊರಿನವರು ಅದನ್ನು ಕಂಡೊಡನೆ ತಮ್ಮ ಪೂಜೆ ಮುಗಿಸಿ ಮುಂದಿನ ಊರಿನ ಎಲ್ಲೆಗೆ ಸಾಗಿಸುತ್ತಿದ್ದರು. ತುಳುನಾಡಿನಲ್ಲಿ ಆಟಿ ತಿಂಗಳ ಜಡಿಮಳೆಯಲ್ಲಿ ಕಳೆಂಜ ಮನೆಮನೆಗೆ ಬಂದು ಮಾರಿ ಕಳೆಯುತ್ತಾನೆ. ಕಣ್ಣೂರು ಜಿಲ್ಲೆಯ ಮಾಡಾಯಿಯಲ್ಲಿ ಕರ್ಕಾಟಕ ಮಾಸದಲ್ಲಿ ಪುಲಯರು ಕಟ್ಟುವ ಮಾರಿ ತೆಯ್ಯಗಳು ನಾಡಿನ ಪೀಡೆಯನ್ನೆಲ್ಲ ಹೊತ್ತು ಕಡಲಿಗೆ ಬಿಡುತ್ತವೆ. ಕಡಲಿಗೆ ಬಿಡುವುದು ಎಷ್ಟೋ ವಾಸಿ. ಅಲ್ಲಿ ಪಕ್ಕದೂರಿನವರು ಯಾರೂ ಇಲ್ಲ.

2020ರ ಮಾರ್ಚ್ ಕೊನೆಯ ವಾರದಲ್ಲಿ ಇದೇ ಕ್ರಮ ಎರಡು ರಾಜ್ಯಗಳ ನಡುವೆ ನಡೆದುದನ್ನು ಗಡಿನಾಡಿನ ಓದುಗರಿಗೆ ನಾನು ವಿವರಿಸಿ ಹೇಳಬೇಕಾಗಿಲ್ಲ. ಕಾಸರಗೋಡಿನಿಂದ ಕರ್ನಾಟಕಕ್ಕೆ ಹೋಗುವ ದಾರಿಗಳಿಗೂ, ಕೊಡಗಿನ ಮಾಕುಟ್ಟದ ದಾರಿಗೂ ಮಣ್ಣಿನ ರಾಶಿ ಬಿತ್ತು. ತಲಪಾಡಿಯಲ್ಲಿ ಆಂಬ್ಯುಲೆನ್ಸುಗಳು ನಿಂತವು. ಡಯಾಲಿಸಿಸ್ಸಿಗೂ ಹೆರಿಗೆಗೂ ಹೃದಯದ ಚಿಕಿತ್ಸೆಗೂ ತಲೆಮಾರುಗಳಿಂದ ಮಂಗಳೂರನ್ನೇ ನಂಬಿದ್ದ ಮನೆಗಳವರು ಗಡಿಯ ಈಚೆ ಉಳಿದರು. ದಾರಿ ಸಿಗದೆ ರೋಗಿಗಳು ಸತ್ತರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ತಡೆ ತೆರವುಗೊಳಿಸುವಂತೆ ಕೇಂದ್ರ ಸರ್ಕಾರಕ್ಕೆ ಹೇಳಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಗಿ, ಕೊನೆಗೆ ತುರ್ತು ರೋಗಿಗಳನ್ನು ಷರತ್ತಿನ ಮೇಲೆ ಬಿಡುವ ಒಪ್ಪಂದವಾಯಿತು. ಕಡತ, ಮೊಹರು, ತಜ್ಞರ ಸಭೆ ಎಲ್ಲ ಇದ್ದ ಆಡಳಿತವೂ ಬೇನೆಯನ್ನು ಪಕ್ಕದೂರಿನ ಎಲ್ಲೆಯಲ್ಲಿ ಬಿಟ್ಟು ಬರುವ ಹಳೆಯ ಬುದ್ಧಿಯನ್ನೇ ತೋರಿಸಿತು. ತಮಟೆಯೊಂದು ಇರಲಿಲ್ಲ ಅಷ್ಟೆ. ಆದುದರಿಂದ ನಂಬಿಕೆ ಒಂದು ಕಡೆ, ವಿವೇಕ ಇನ್ನೊಂದು ಕಡೆ ಎಂದು ನೆಲದ ಮೇಲೆ ಗೆರೆ ಎಳೆದು ವಾದಕ್ಕೆ ಕೂರುವವರೊಡನೆ ನನ್ನದೊಂದು ತಕರಾರಿದೆ. ಈ ಬರಹ ಆ ತಕರಾರಿನ ಚರಿತ್ರೆ.

ನಾನಿರುವುದು ನೀಲಗಿರಿ ಜಿಲ್ಲೆಯ ಮಾವನಲ್ಲದಲ್ಲಿ. ಊಟಿಯಿಂದ ಕಲ್ಲಟ್ಟಿ ಘಾಟಿಯ 36 ತಿರುವುಗಳನ್ನು ಇಳಿದು ಮಸಿನಗುಡಿಯ ಕಡೆ ಹೊರಟವರಿಗೆ ದಾರಿಯಲ್ಲಿ ಸಿಗುವ ಊರು. ಮಾವಿನ ಹಳ್ಳ ಎಂದೇ ಅದರ ಹೆಸರು ನನ್ನ ಕಿವಿಗೆ ಕೇಳಿಸುತ್ತದೆ. ಭಾಷಾಶಾಸ್ತ್ರಿಗಳು ಬೇರೆ ಹೇಳಿದರೆ ಜಗಳವಿಲ್ಲ. ಇಲ್ಲಿ ಅಂಗಡಿಯ ಮಾತು ತಮಿಳು, ಗೂಡಲೂರಿನ ಕಡೆಯಿಂದ ಬಂದವರದು ಮಲಯಾಳ, ಮನೆಯೊಳಗಿನದು ನಮ್ಮಂಥವರಿಗೆ ಕನ್ನಡ, ಇರುಳರಿಗೂ ಕುರುಂಬರಿಗೂ ಅವರವರ ಮಾತು. ಮಾರಿ ಮಾತ್ರ ಎಲ್ಲರಿಗೂ ಒಬ್ಬಳೇ. ಹತ್ತಿರದ ಬೊಕ್ಕಾಪುರದಲ್ಲಿ ಕಾಡಿನಂಚಿಗೆ ಮಾರಿಯಮ್ಮನ ಗುಡಿಯಿದೆ. ಫೆಬ್ರವರಿ-ಮಾರ್ಚಿನ ಸುಮಾರಿಗೆ ಅಲ್ಲಿ ಜಾತ್ರೆಯಾದರೆ ಬೆಟ್ಟದ ಮೇಲಿನ ಬಡಗರೂ ಕೆಳಗಿನ ಕರ್ನಾಟಕದವರೂ ಬರುತ್ತಾರೆ. ನಾನು ಮಾರಿಗೆ ಕೈಮುಗಿಯುವವನಲ್ಲ. ನಮ್ಮ ಮನೆಯಲ್ಲಿ ಕೈಮುಗಿಯುವವರಿದ್ದಾರೆ, ಅವರೊಡನೆ ಒಂದೇ ತಟ್ಟೆಯಲ್ಲಿ ಪ್ರಸಾದ ತಿಂದಿದ್ದೇನೆ, ಒಂದೇ ಜಗಲಿಯಲ್ಲಿ ಕೂತು ವಾದವನ್ನೂ ಮಾಡಿದ್ದೇನೆ.

ಸಿಡುಬನ್ನು ನಮ್ಮ ಭಾಷೆಗಳು ಕರೆದ ರೀತಿಯನ್ನು ಮೊದಲು ನೋಡಬೇಕು. ಕನ್ನಡದಲ್ಲಿ 'ಅಮ್ಮ ಬಂದಿದ್ದಾಳೆ' ಎಂದರು. ತಮಿಳಿನಲ್ಲಿ 'ಅಮ್ಮೈ' ಎಂಬುದು ರೋಗದ ಹೆಸರೇ ಆಯಿತು. ಮಲಯಾಳದಲ್ಲಿ ವಸೂರಿ, ಕೊಡುಂಗಲ್ಲೂರಿನ ಭಗವತಿಯ ಸನ್ನಿಧಿಯಲ್ಲಿ ವಸೂರಿಮಾಲೆ ಎಂಬ ದೇವತೆಯೇ ಇದ್ದಾಳೆ. ಇಷ್ಟನ್ನು ಎಲ್ಲರೂ ಬಲ್ಲರು. ಅಷ್ಟಾಗಿ ಗಮನಿಸದಿರುವುದು ಮುಂದಿನ ಸಂಗತಿ. ರೋಗವನ್ನು ತಡೆಯುವ ಮದ್ದು ಬಂದಾಗ ಜನ ಅದಕ್ಕೆ ಏನೆಂದರು? ಕನ್ನಡದಲ್ಲಿ ಅದು 'ದೇವಿ ಹಾಕುವುದು' ಆಯಿತು, ಕೆಲವು ಕಡೆ 'ಮೈಲಿ ಹಾಕುವುದು'. ತಮಿಳಿನಲ್ಲಿ ಅಮ್ಮೈ ಕುತ್ತುವುದು. ಮಲಯಾಳಿಗಳು ಮಾತ್ರ ಲೌಕಿಕವಾಗಿ 'ಅಚ್ಚುಕುತ್ತ್' ಎಂದರು, ಅಂದರೆ ಅಚ್ಚು ಒತ್ತುವುದು. ದೇವಿಯನ್ನು ಓಡಿಸಲು ಬಂದ ಸೂಜಿಗೆ ದೇವಿಯ ಹೆಸರನ್ನೇ ಇಟ್ಟವರು ಆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕೆಂದು ಎಂದೂ ಭಾವಿಸಿರಲಾರರು. ಐವತ್ತು ದಾಟಿದ ನಮ್ಮ ಬಹಳ ಮಂದಿಯ ತೋಳಿನ ಮೇಲೆ ಆ ದುಂಡು ಗುರುತು ಇಂದಿಗೂ ಇದೆ.

ಗೋವಿನ ಸಿಡುಬಿನ ಲಸಿಕೆ ಭಾರತದಲ್ಲಿ ಮೊದಲು ಹಾಕಲ್ಪಟ್ಟದ್ದು 1802ರ ಜೂನ್ 14ರಂದು ಮುಂಬಯಿಯಲ್ಲಿ, ಮೂರು ವರ್ಷದ ಒಂದು ಹೆಣ್ಣುಮಗುವಿಗೆ. ಮೈಸೂರಿಗೆ ಅದು ಬೇಗನೆ ಬಂದಿತು. ಸಿಡುಬಿನ ನೋವನ್ನು ಕಂಡಿದ್ದ ಅರಮನೆ ಅದು. ಥಾಮಸ್ ಹಿಕ್ಕಿ 1805ರ ಸುಮಾರಿಗೆ ಬಿಡಿಸಿದ ಮೂವರು ರಾಜಸ್ತ್ರೀಯರ ಚಿತ್ರವೊಂದಿದೆ. ಅದರಲ್ಲಿ ಬಲಗಡೆಯ ಎಳೆಯ ರಾಣಿ, ಮುಮ್ಮಡಿ ಕೃಷ್ಣರಾಜ ಒಡೆಯರ ಪತ್ನಿ ದೇವಾಜಮ್ಮಣ್ಣಿಯೆಂದೂ, ಸೆರಗನ್ನು ಸರಿಸಿ ತೋಳಿನಲ್ಲಿ ಲಸಿಕೆ ಹಾಕಿಸಿಕೊಂಡ ಜಾಗವನ್ನು ತೋರಿಸುತ್ತಿದ್ದಾಳೆಂದೂ, ನಡುವೆ ನಿಂತವರು ಹಿರಿಯ ರಾಣಿ ಲಕ್ಷ್ಮಮ್ಮಣ್ಣಿಯೆಂದೂ ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದಿಸಿದ್ದಾರೆ. ಇದು ವಾದವೇ ಹೊರತು ಸಾಬೀತಾದ ಸಂಗತಿಯಲ್ಲ. ಆದರೆ ಪರದೆಯ ಕಾಲದಲ್ಲಿ ಅರಮನೆಯ ಹೆಣ್ಣುಮಕ್ಕಳು ಪರದೇಶಿ ಚಿತ್ರಕಾರನ ಮುಂದೆ ನಿಲ್ಲಲು ಬಲವಾದ ಕಾರಣವೊಂದು ಇದ್ದಿರಬೇಕೆಂದು ನನಗೂ ತೋರುತ್ತದೆ. ತಿರುವಾಂಕೂರಿನಲ್ಲಿ ರಾಣಿ ಗೌರಿ ಲಕ್ಷ್ಮೀಬಾಯಿ 1813ರಲ್ಲಿ ಲಸಿಕೆಗೆ ಇಲಾಖೆ ತೆರೆದಾಗಲೂ ಮೊದಲು ತೋಳು ಚಾಚಿದವರು ರಾಜಮನೆತನದವರೇ. ಈ ರಾಣಿಯರು ಯಾರ ದೇವರನ್ನೂ ಹಳಿಯಲಿಲ್ಲ. ತೋಳು ತೋರಿಸಿದರು.

ಅದೇ ಕಾಲದಲ್ಲಿ ಮದರಾಸಿನಲ್ಲಿ ಇನ್ನೊಂದು ಉಪಾಯ ನಡೆಯಿತು. ಫ್ರಾನ್ಸಿಸ್ ವೈಟ್ ಎಲ್ಲಿಸ್ ಎಂಬ ಅಧಿಕಾರಿ ನಮಗೆಲ್ಲ ಸಲ್ಲಬೇಕಾದವನು. ಕನ್ನಡ, ಮಲಯಾಳ, ತಮಿಳು, ತೆಲುಗುಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ಅವು ಒಂದೇ ಬೇರೆ ಕುಲದ ನುಡಿಗಳು ಎಂದು 1816ರಲ್ಲಿ, ಕಾಲ್ಡ್‌ವೆಲ್ಲನಿಗೆ ಎಷ್ಟೋ ಮೊದಲು, ಆಧಾರಸಹಿತ ತೋರಿಸಿದವನು ಅವನೇ. ಅಂಥ ವಿದ್ವಾಂಸ ಲಸಿಕೆಯ ಬಗ್ಗೆ ಒಂದು ಸಂಸ್ಕೃತ ಪದ್ಯ ಹೊಸೆದ. ಅದನ್ನು ಹಳೆಯ ಕಾಗದದ ಮೇಲೆ ಬರೆಸಿ, ಎಲ್ಲಿಯೋ ಸಿಕ್ಕಿದ ಪ್ರಾಚೀನ ಗ್ರಂಥವೆಂದು ಹಬ್ಬಿಸಲಾಯಿತು. ಗೋಮಾತೆಯ ವರವೆಂದರೆ ಬ್ರಾಹ್ಮಣರು ಒಪ್ಪಿಯಾರು ಎಂಬ ಎಣಿಕೆ. ಜೆನ್ನರನ ಜೀವನಚರಿತ್ರೆ ಬರೆದ ಬ್ಯಾರನ್ ಇದನ್ನು ಮುಚ್ಚುಮರೆಯಿಲ್ಲದೆ ದಾಖಲಿಸಿದ್ದಾನೆ. ಫಲವೇನಾಯಿತು? ಜೆನ್ನರನಿಗಿಂತ ಮೊದಲೇ ಗೋವಿನ ಲಸಿಕೆ ನಮ್ಮ ಶಾಸ್ತ್ರಗಳಲ್ಲಿತ್ತು ಎಂಬ ಮಾತು ಹುಟ್ಟಿ, 1819ರಲ್ಲಿ ಮದರಾಸಿನ ಪತ್ರಿಕೆಯಲ್ಲೇ ಅಚ್ಚಾಗಿ, ಪುಸ್ತಕದಿಂದ ಪುಸ್ತಕಕ್ಕೆ ದಾಟುತ್ತ ಬಂದಿತು. ಡೊಮಿನಿಕ್ ವುಯಾಸ್ಟಿಕ್ ಎಂಬ ಸಂಸ್ಕೃತ ವಿದ್ವಾಂಸರು 1987ರಲ್ಲಿ ಈ ಕಥೆಯ ಎಳೆಗಳನ್ನು ಬಿಡಿಸಿ ತೋರಿಸಿದರು.

ನಂಬಿದವರನ್ನು ಗೌರವಿಸುವುದೆಂದರೆ ಇದೇ ಎಂದು ತಿಳಿದವರು ಇಂದಿಗೂ ಇದ್ದಾರೆ. ನನಗೆ ಇದು ಬೈಗುಳಕ್ಕಿಂತಲೂ ಕೀಳಾಗಿ ಕಾಣುತ್ತದೆ. ಬೈಯುವವನು ಎದುರಿಗಿರುವವನನ್ನು ವಾದಿಸಬಲ್ಲ ಮನುಷ್ಯನೆಂದಾದರೂ ಒಪ್ಪಿರುತ್ತಾನೆ. ಸುಳ್ಳು ಶ್ಲೋಕ ಬರೆದುಕೊಡುವವನು ಅವನನ್ನು ಮಗುವಾಗಿಸಿರುತ್ತಾನೆ.

ಇದರ ಎದುರು ತುದಿಯಲ್ಲಿ ಬಲಾತ್ಕಾರವಿದೆ. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಗೆ ಬಂದ ಪ್ಲೇಗು 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಮುಟ್ಟಿತು. ನಡುವೆ, 1897ರ ಫೆಬ್ರವರಿಯಲ್ಲಿ, ಸಾಂಕ್ರಾಮಿಕ ರೋಗಗಳ ಕಾಯಿದೆ ಬಂದಿತು. 2020ರಲ್ಲಿ ನಮ್ಮ ಮೇಲೆ ಮತ್ತೆ ಜಾರಿಯಾದದ್ದು ಅದೇ ನಾಲ್ಕು ಕಲಮುಗಳ ಕಾಯಿದೆ. ಪುಣೆಯಲ್ಲಿ ಸೋಲ್ಜರುಗಳು ಮನೆ ಹೊಕ್ಕು, ಅಡುಗೆಮನೆ ದೇವರಕೋಣೆ ಎನ್ನದೆ ಶೋಧಿಸಿ, ಹೆಂಗಸರನ್ನು ಪರೀಕ್ಷಿಸಿ, ರೋಗಿಗಳನ್ನು ಎಳೆದೊಯ್ದರು. ಆ ಕ್ರಮದ ಮುಖ್ಯಸ್ಥನಾಗಿದ್ದ ರ‍್ಯಾಂಡನನ್ನು ಚಾಪೇಕರ್ ಸಹೋದರರು 1897ರ ಜೂನ್ 22ರಂದು ಗುಂಡಿಟ್ಟರು. ಎಲ್ಲೆಲ್ಲಿ ಇಂಥ ಶೋಧ ನಡೆಯಿತೋ ಅಲ್ಲಲ್ಲಿ ಜನ ಕಾಯಿಲೆಯವರನ್ನು ಅಟ್ಟದ ಮೇಲೆ, ಹಿತ್ತಿಲಲ್ಲಿ ಬಚ್ಚಿಟ್ಟರು. ಬಚ್ಚಿಟ್ಟಲ್ಲಿ ರೋಗ ಹೆಚ್ಚಿತು. ಅದನ್ನು ಕಂಡ ಅಧಿಕಾರಿಗಳೇ ಮುಂದೆ ಹಿಡಿತ ಸಡಿಲಿಸಬೇಕಾಯಿತು.

ಹಳ್ಳಿಗಳವರು ಮಾಡಿದ್ದೇನು? ಇಲಿ ಬಿದ್ದೊಡನೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಮಾರಮ್ಮನ ಹೆಸರಿನಲ್ಲಿ ಇಡೀ ಊರೇ ಒಂದು ದಿನ ಮನೆಗಳನ್ನು ತೊರೆದು ಹೊರಗೆ ಅಡುಗೆ ಮಾಡಿ ಉಣ್ಣುವ 'ಹೊರಬೀಡು' ಎಂಬ ಆಚರಣೆ ಹಳೆ ಮೈಸೂರಿನ ಕಡೆ ಮೊದಲಿಂದಲೂ ಇತ್ತು. ಅಭ್ಯಾಸವಿದ್ದ ಕಾಲುಗಳಿಗೆ ಹೊರಗೆ ಹೋಗುವುದು ಕಷ್ಟವಾಗಲಿಲ್ಲ. ಹಾಗೆಯೇ ಬೆಂಗಳೂರಿನ ತ್ಯಾಗರಾಜನಗರದಲ್ಲಿ ಪ್ಲೇಗಮ್ಮನ ಗುಡಿ, ಕೊಯಮತ್ತೂರಿನಲ್ಲಿ ಪ್ಲೇಗ್ ಮಾರಿಯಮ್ಮನ ಗುಡಿ ನಿಂತವು. ಇಂಗ್ಲಿಷ್ ಹೆಸರಿನ ದೇವತೆಗೆ ನಗುವವರು ನಗಲಿ. ಹೊಸ ರೋಗ ಬಂದಿದೆ, ಇದು ಹಳೆಯದಲ್ಲ ಎಂಬ ತಿಳಿವಳಿಕೆ ಆ ಹೆಸರಿನಲ್ಲೇ ಇದೆ.

ನಂಬಿಕೆಯೆಲ್ಲ ಹೀಗೆ ಕ್ಷೇಮಕರವಾಗಿತ್ತೆಂದು ನಾನು ಹೇಳುತ್ತಿಲ್ಲ. ಅನಂತಮೂರ್ತಿಯವರ 'ಸಂಸ್ಕಾರ'ದಲ್ಲಿ (1965) ಅಗ್ರಹಾರದವರು ನಾರಣಪ್ಪನ ಹೆಣಕ್ಕೆ ಸಂಸ್ಕಾರ ಮಾಡಬೇಕಾದವರು ಯಾರೆಂದು ಶಾಸ್ತ್ರ ಹುಡುಕುತ್ತಿರುವಾಗ ಇಲಿಗಳು ಒಂದೊಂದಾಗಿ ಉರುಳಿ ಬೀಳುತ್ತವೆ. ಒ. ವಿ. ವಿಜಯನ್ ಅವರ 'ಖಸಾಕಿಂಡೆ ಇತಿಹಾಸಂ' (1969) ಓದಿದ ಮಲಯಾಳಿ ಬಂಧುಗಳಿಗೆ ಸಿಡುಬಿನ ದೇವತೆ ನಲ್ಲಮ್ಮ ಆ ಊರಿನ ಮೇಲೆ ಹಾದುಹೋದ ಅಧ್ಯಾಯಗಳು ನೆನಪಿರುತ್ತವೆ. ಇಬ್ಬರೂ ನಂಬಿಕೆಯನ್ನು ಒಳಗಿನಿಂದ ಬಲ್ಲವರು, ಅದಕ್ಕೇ ಅವರ ಟೀಕೆ ನಾಟುತ್ತದೆ.

ಇನ್ನು 2020, 2021ರ ಮಾತು. ಬೀಗ ಹಾಕಿಕೊಳ್ಳುವುದರಲ್ಲಿ ದೇವಾಲಯಗಳೇನೂ ಹಿಂದೆ ಬೀಳಲಿಲ್ಲ. ತಿರುಪತಿಯಲ್ಲಿ 2020ರ ಮಾರ್ಚ್ 20ರಿಂದ ಭಕ್ತರ ದರ್ಶನ ನಿಂತಿತು. ಮೆಕ್ಕಾದ ಉಮ್ರಾ ನಿಂತಿತು. ಪೋಪರು ಮಾರ್ಚ್ 27ರಂದು ಖಾಲಿ ಚೌಕದೆದುರು ಒಬ್ಬರೇ ನಿಂತು ಪ್ರಾರ್ಥಿಸಿದರು. ನಮ್ಮ ಉತ್ತರ ಮಲಬಾರಿನಲ್ಲಿ ತೆಯ್ಯದ ಕಾಲ ಅರ್ಧಕ್ಕೆ ಮುರಿದು ಕಟ್ಟುವವರ ವರ್ಷದ ಅನ್ನ ಹೋಯಿತು. ದೇವರು ಕಾಯುತ್ತಾನೆಂದು ನಂಬಿದ ಕೋಟ್ಯಂತರ ಜನ ಮನೆಯಲ್ಲಿ ಕೂತರು. ಆದರೆ ನಮ್ಮ ಮಾತಿನ ಪೇಟೆಯಲ್ಲಿ ಲೆಕ್ಕ ಬೇರೆಯೇ ಇತ್ತು. ದೆಹಲಿಯ ನಿಜಾಮುದ್ದೀನಿನ ತಬ್ಲೀಗಿ ಸಭೆಯಿಂದ ಸೋಂಕು ಹರಡಿದ್ದು ನಿಜ. ಆ ಸಭೆಯನ್ನು ನಡೆಸಿದ್ದನ್ನು ಟೀಕಿಸಬೇಕಾದದ್ದೂ ನಿಜ. ಆದರೆ ಟೀಕೆ ಸಭೆಯನ್ನು ಬಿಟ್ಟು ಟೋಪಿಯ ಮೇಲೆ ಹೋಯಿತು. ಊರೂರಲ್ಲಿ ತರಕಾರಿ ಮಾರುವವನ ಹೆಸರು ಕೇಳಿ ಕೊಳ್ಳುವ ಕಾಲ ಬಂತು. ಆ ಸಭೆಗೆ ಬಂದಿದ್ದ ವಿದೇಶಿಯರನ್ನು ಬಲಿಪಶು ಮಾಡಲಾಗಿದೆ ಎಂಬರ್ಥದ ಮಾತು ಹೇಳಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ 2020ರ ಆಗಸ್ಟ್ 21ರಂದು ಅವರ ಮೇಲಿನ ಮೊಕದ್ದಮೆಗಳನ್ನು ವಜಾ ಮಾಡಿತು. ಅಷ್ಟರೊಳಗೆ ಆಗುವುದೆಲ್ಲ ಆಗಿತ್ತು. ಮರುವರ್ಷ ಏಪ್ರಿಲಿನಲ್ಲಿ, ಎರಡನೆಯ ಅಲೆ ಏಳುತ್ತಿರುವಾಗಲೇ, ಹರಿದ್ವಾರದ ಕುಂಭಮೇಳದಲ್ಲಿ ಲಕ್ಷಗಟ್ಟಲೆ ಜನ ಒಟ್ಟಿಗೆ ಮುಳುಗಿದರು. ಹಿಂದಿನ ವರ್ಷ ಗಂಟಲು ಹರಿಯುವಂತೆ ಕೂಗಿದ್ದವರ ಗಂಟಲು ಆಗ ಕಟ್ಟಿತ್ತು. ಗುಂಪು ಸೇರುವುದು ತಪ್ಪೆಂದರೆ ಯಾವ ದೇವರ ಹೆಸರಿನಲ್ಲಿ ಸೇರಿದರೂ ತಪ್ಪು ಎನ್ನುವಷ್ಟು ಸರಳ ನ್ಯಾಯವೂ ನಮ್ಮಲ್ಲಿ ಉಳಿಯಲಿಲ್ಲವಲ್ಲ ಎಂದು ಆಗ ಬೇಸರಪಟ್ಟೆ, ಈಗಲೂ ಅದು ಹೋಗಿಲ್ಲ.

ಆ ದಿನಗಳಲ್ಲಿ ಕೊರೊನಾ ದೇವಿಯ ಸುದ್ದಿ ಬಂದಿತು. ಕೊಲ್ಲಂ ಜಿಲ್ಲೆಯ ಕಡಯ್ಕಲಿನಲ್ಲಿ 2020ರಲ್ಲಿ ಒಬ್ಬರು ಮನೆಯಲ್ಲೇ ಥರ್ಮಾಕೋಲಿನ ಕೊರೊನಾ ದೇವಿಯನ್ನು ಪೂಜಿಸಿದರು. 2021ರ ಮೇ ತಿಂಗಳಲ್ಲಿ ಕೊಯಮತ್ತೂರಿನ ಇರುಗೂರಿನ ಮಠವೊಂದು ಕೊರೊನಾ ದೇವಿಯ ಕಲ್ಲಿನ ಮೂರ್ತಿ ನಿಲ್ಲಿಸಿತು. ಅಲ್ಲಿಗೆ ಸಾರ್ವಜನಿಕರನ್ನು ಬಿಡುತ್ತಿರಲಿಲ್ಲ. ನಮಗೆ ಹತ್ತಿರದ ಕೊಳ್ಳೇಗಾಲ ತಾಲ್ಲೂಕಿನ ಮಧುವನಹಳ್ಳಿಯಿಂದಲೂ ಕೊರೊನಾ ಮಾರಮ್ಮನ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ನಮ್ಮ ಓಣಿಯ ಕಾಲೇಜು ಹುಡುಗನೊಬ್ಬ ಮೊಬೈಲಿನಲ್ಲಿ ಅದನ್ನು ತೋರಿಸುತ್ತ ಬಿದ್ದು ಬಿದ್ದು ನಗುತ್ತಿದ್ದ. ಪಕ್ಕದ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ಕೇಳಿದರು:

"ಯಾಕಪ್ಪಾ ನಗ್ತೀಯ?"

"ವೈರಸ್ಸಿಗೆ ಗುಡಿ ಕಟ್ಟವ್ರೆ ಅಜ್ಜಿ. ಅದು ಕಣ್ಣಿಗೂ ಕಾಣಲ್ಲ."

"ಕಾಣದ್ದಕ್ಕೇ ಅಲ್ವಾ ಗುಡಿ ಕಟ್ಟೋದು. ಹೆಸರಿಡದೆ ಅವಳನ್ನ ಹೆಂಗೆ ಹೋಗು ಅನ್ನೋದು?"

"ಹಂಗಾರೆ ಸೂಜಿ ಹಾಕಿಸ್ಕೊಳ್ಳಲ್ವಾ ನೀವು?"

"ಹಾಕಿಸ್ಕೊಳ್ಳಲ್ಲ ಅಂತ ಯಾರಂದ್ರು? ಚಿಕ್ಕವಳಿದ್ದಾಗ ದೇವಿ ಹಾಕಿಸ್ಕೊಂಡಿವ್ನಿ. ಟೀವೀಲಿ ಆ ಸಿನಿಮಾದವ್ನು ಸತ್ತೋದ್ನಲ್ಲ, ಅದ್ಕೆ ಹೆದ್ರಿಕೆ."

ಈ ಮಾತು ನನ್ನನ್ನು ತಡೆದು ನಿಲ್ಲಿಸಿತು. ಅಜ್ಜಿ ಹೇಳಿದ್ದು ತಮಿಳು ನಟ ವಿವೇಕರ ವಿಷಯ. ಅವರು 2021ರ ಏಪ್ರಿಲ್ 15ರಂದು ಚೆನ್ನೈನಲ್ಲಿ, ಜನರಿಗೆ ಧೈರ್ಯ ತುಂಬಲೆಂದೇ, ಎಲ್ಲರೆದುರು ಲಸಿಕೆ ಹಾಕಿಸಿಕೊಂಡರು. 17ರಂದು ಹೃದಯಾಘಾತದಿಂದ ತೀರಿಕೊಂಡರು. ಸಾವಿಗೂ ಲಸಿಕೆಗೂ ಸಂಬಂಧವಿಲ್ಲವೆಂದು ರಾಷ್ಟ್ರಮಟ್ಟದ ಸಮಿತಿ ಹೇಳುವ ಹೊತ್ತಿಗೆ ಅಕ್ಟೋಬರ್ ಆಗಿತ್ತು. ತಮಿಳುನಾಡಿನ ಮೂಲೆ ಮೂಲೆಯಲ್ಲಿ ಜನ ಲಸಿಕೆಗೆ ಹಿಂಜರಿದರು. ನಾವು ಮಾತ್ರ ಅದನ್ನು ಮೂಢನಂಬಿಕೆ ಎಂದು ಕರೆದು ಸುಮ್ಮನಾದೆವು. 1902ರಲ್ಲಿ ಪಂಜಾಬಿನ ಮುಲ್ಕೋವಾಲಿನಲ್ಲಿ ಪ್ಲೇಗಿನ ಲಸಿಕೆಯ ಒಂದು ಸೀಸೆ ಕೆಟ್ಟು 19 ಜನ ಧನುರ್ವಾಯುವಿನಿಂದ ಸತ್ತರು. ಅನಂತರ ಆ ಲಸಿಕೆಗೆ ಜನ ಹೆದರಿದ್ದಕ್ಕೂ ದೇವರಿಗೂ ಏನು ಸಂಬಂಧ? ಇದೇ ಬೆಟ್ಟದ ಕೂನೂರಿನಲ್ಲಿ 1907ರಿಂದ ಪಾಶ್ಚರ್ ಸಂಸ್ಥೆಯಿದೆ. ಹುಚ್ಚುನಾಯಿ ಕಚ್ಚಿದವರು ಯಾವ ಜಾತಿ, ಯಾವ ಮತ ಎನ್ನದೆ ಅಲ್ಲಿಯ ಮದ್ದಿಗೆ ಹೊಟ್ಟೆ ಕೊಟ್ಟಿದ್ದಾರೆ. ಯಾವ ಮಾರಿಯೂ ಅಡ್ಡ ಬರಲಿಲ್ಲ.

ಭಾಷೆಯ ವಿಷಯವನ್ನೂ ಇಲ್ಲಿ ಹೇಳಿಬಿಡುತ್ತೇನೆ. ನಮ್ಮ ಓಣಿಗೆ ಬಂದ ಲಸಿಕೆಯ ಕರಪತ್ರ ತಮಿಳಿನಲ್ಲಿತ್ತು. ತಮಿಳು ಮಾತಾಡಬಲ್ಲ, ಆದರೆ ಓದಲಾರದ ಕನ್ನಡದ ಹೆಂಗಸರು ನಮ್ಮಲ್ಲಿ ಎಷ್ಟೋ ಮನೆಗಳಲ್ಲಿದ್ದಾರೆ. ಜ್ವರ ಬಂದರೆ ಏನು ಮಾಡಬೇಕೆಂದು ಅವರಿಗೆ ಅರ್ಥವಾಗುವ ಅಕ್ಷರದಲ್ಲಿ ಬರೆಯದೆ, ಆಮೇಲೆ ಅವರು ಪೂಜಾರಿಯನ್ನು ಕೇಳಿದರೆಂದು ದೂರುವುದು ನ್ಯಾಯವಲ್ಲ. ಪೂಜಾರಿ ಅವರ ಮಾತಿನಲ್ಲೇ ಮಾತಾಡುತ್ತಾನೆ.

ನೀಲಗಿರಿಯಲ್ಲಿ ತೋಡ, ಕೋತ, ಇರುಳ, ಕುರುಂಬ, ಪಣಿಯ, ಕಾಟ್ಟುನಾಯಕ ಎಂಬ ಆರು ಬುಡಕಟ್ಟುಗಳಿವೆ. 2021ರ ಬೇಸಿಗೆಯಲ್ಲಿ ಲಸಿಕೆಯವರ ಜೀಪು ಕಂಡೊಡನೆ ಕೆಲವು ಹಾಡಿಗಳವರು ಕಾಡು ಸೇರಿದರು. ಅದೇ ಜೂನ್ ಮುಗಿಯುವ ಹೊತ್ತಿಗೆ ಹದಿನೆಂಟು ದಾಟಿದ ಗಿರಿಜನರಲ್ಲಿ 21,000ಕ್ಕೂ ಹೆಚ್ಚು ಮಂದಿ ಮೊದಲ ಸೂಜಿ ಹಾಕಿಸಿಕೊಂಡಿದ್ದರು, ಹೆಚ್ಚುಕಡಿಮೆ ಎಲ್ಲರೂ. ನಡುವೆ ಪವಾಡವೇನೂ ನಡೆಯಲಿಲ್ಲ. ಹಾಡಿಯ ಮುಖಂಡರನ್ನು ಮೊದಲು ಮಾತಾಡಿಸಲಾಯಿತು, ಅವರವರ ಮಾತಿನಲ್ಲಿ ಹೇಳಿಸಲಾಯಿತು, ಮನೆಯ ಬಾಗಿಲಿಗೇ ಹೋಗಲಾಯಿತು. ಗೂಡಲೂರಿನ ಕಡೆ ಈ ಪಾಠ ಹಳೆಯದು. ಅಲ್ಲಿ 'ಅಶ್ವಿನಿ' ಸಂಸ್ಥೆ 1990ರಿಂದ ಆದಿವಾಸಿ ಆಸ್ಪತ್ರೆ ನಡೆಸುತ್ತ, ಹಾಡಿಗಳ ಹೆಣ್ಣುಮಕ್ಕಳನ್ನೇ ಆರೋಗ್ಯದ ಕೆಲಸಕ್ಕೆ ತಯಾರು ಮಾಡುತ್ತ ಬಂದಿದೆ. ಜ್ವರ ಬಂದ ಮಗುವಿಗೆ ದೇವರ ಕಾಯಿ ಕಟ್ಟಿಸಿದ್ದಾರೆಂದು ಬೈಯದೆ, ಕಾಯಿ ಇರಲಿ, ಮಾತ್ರೆಯೂ ಇರಲಿ ಎನ್ನಬಲ್ಲವಳು ಆ ಹಾಡಿಯವಳೇ ಆಗಿರಬೇಕು. ಹೊರಗಿನವನು ಅದೇ ಮಾತು ಹೇಳಿದರೆ ಅದು ಎಲ್ಲಿಸನ ಶ್ಲೋಕದಂತೆ ಕೇಳಿಸುತ್ತದೆ.

ಅದೇ ಜೂನಿನಲ್ಲಿ ತೆಪ್ಪಕಾಡಿನ ಶಿಬಿರದ 28 ಆನೆಗಳಿಗೂ ಕೊರೊನಾ ಪರೀಕ್ಷೆಗೆಂದು ಮಾದರಿ ತೆಗೆದರು. ಅಲ್ಲಿಯ ವಿನಾಯಕನಿಗೆ ಆನೆಗಳು ಪೂಜೆ ಸಲ್ಲಿಸುವುದನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಪೂಜೆ ಮಾಡುವ ಆನೆಯ ಸೊಂಡಿಲಿನಿಂದ ಮಾದರಿ ತೆಗೆದರೆಂದು ಯಾವ ಭಕ್ತನೂ ನೊಂದುಕೊಂಡದ್ದು ನನ್ನ ಕಿವಿಗೆ ಬಿದ್ದಿಲ್ಲ.

ಅಜ್ಜಿಯ ವಿಷಯ ಹೇಳುವುದು ಉಳಿಯಿತು. ಕಾಲೇಜು ಹುಡುಗ ನಗು ನಿಲ್ಲಿಸಿ, ಸಿನಿಮಾದವರ ಕಾಯಿಲೆ ಬೇರೆಯಾಗಿತ್ತೆಂದು ಎರಡು ಸಂಜೆ ಕೂತು ಅವರಿಗೆ ವಿವರಿಸಿದ. ಮೊದಲು ತನ್ನ ತೋಳಿಗೆ ಹಾಕಿಸಿಕೊಂಡು ಬಂದು ತೋರಿಸಿದ. ಅಜ್ಜಿ ಹೋಗಲು ಒಪ್ಪಿದ ದಿನ ಮಂಗಳವಾರವಾಗಿತ್ತು. ಮಂಗಳವಾರ ಅಮ್ಮನ ದಿನ, ಅಂದು ಮೈಗೆ ಸೂಜಿ ತಾಗಿಸುವುದಿಲ್ಲ ಎಂದರು. ಹುಡುಗ ಬಾಯಿ ತೆರೆಯುವುದರೊಳಗೆ, ಚೀಟಿ ಬರೆಯುತ್ತಿದ್ದ ನರ್ಸಮ್ಮ ತಲೆಯೆತ್ತದೆ ತಮಿಳಿನಲ್ಲಿ "ಸರಿ ಪಾಟಿ, ಬುಧವಾರ ಬನ್ನಿ, ಒಂಬತ್ತಕ್ಕೇ ಬಂದುಬಿಡಿ" ಎಂದರು. ಬುಧವಾರ ಎಂಟೂವರೆಗೇ ಅಜ್ಜಿ ಸಾಲಿನ ಮೊದಲಲ್ಲಿ ಕುಳಿತಿದ್ದರು.